ಎರವಲು ವಹಿಯಿಂದ ಬರಹದ ಮೇಜಿಗೆ: ಓದುಗರ ಪ್ರಶ್ನೆಗಳಿಗೆ ಲೇಖಕಿಯ ಉತ್ತರ

(ದಾವಣಗೆರೆಯಲ್ಲಿ 22 ವರ್ಷ ಸಾರ್ವಜನಿಕ ಗ್ರಂಥಪಾಲಕಿಯಾಗಿದ್ದು, 2018ರಲ್ಲಿ ಸ್ವಯಂ ನಿವೃತ್ತಿ ಪಡೆದು, ಅಂದಿನಿಂದ ಬರವಣಿಗೆಯನ್ನೇ ವೃತ್ತಿಯಾಗಿಸಿಕೊಂಡ ಲೇಖಕಿಯೊಬ್ಬರ ಅನುಭವ ಕಥನ ಕಳೆದ ಸಂಚಿಕೆಯಲ್ಲಿ ಪ್ರಕಟವಾಗಿತ್ತು. ಅದನ್ನು ಓದಿ ಬಂದ ಪತ್ರಗಳಲ್ಲಿ ಕೆಲವನ್ನು ಆಯ್ದು ಅವರಿಗೆ ಕಳಿಸಿದ್ದೆವು. ಅವರ ಉತ್ತರಗಳು ಇಲ್ಲಿವೆ. – ಸಂ.)

ಪ್ರಶ್ನೆ: ನಾನು ಹೊಸದುರ್ಗ ತಾಲ್ಲೂಕಿನ ಕಾಲೇಜೊಂದರಲ್ಲಿ ಹನ್ನೊಂದು ವರ್ಷಗಳಿಂದ ಗ್ರಂಥಪಾಲಕನಾಗಿದ್ದೇನೆ. ‘ದಿನವಿಡೀ ಪುಸ್ತಕಗಳ ನಡುವೆ ಕೂರುವವರಿಗೆ ಬರೆಯುವುದೇನು ಮಹಾ ಕಷ್ಟ’ ಎಂದು ಸಹೋದ್ಯೋಗಿಗಳು ಹೇಳುತ್ತಿರುತ್ತಾರೆ. ನಿಜ ಹೇಳಬೇಕೆಂದರೆ ನನಗೆ ಓದುವುದಕ್ಕೂ ಬಿಡುವು ಸಿಗುವುದಿಲ್ಲ. ಮೇಡಂ, ಗ್ರಂಥಾಲಯದ ಕೆಲಸ ನಿಮ್ಮ ಬರವಣಿಗೆಗೆ ಏನನ್ನು ಕೊಟ್ಟಿತು?
– ಗ್ರಂಥಪಾಲಕರು, ಹೊಸದುರ್ಗ

ಉತ್ತರ: ನಿಮ್ಮ ಅನುಭವವೇ ನನ್ನದೂ ಆಗಿತ್ತು. ಗ್ರಂಥಪಾಲಕರು ಓದುತ್ತಾ ಕೂರುತ್ತಾರೆ ಎಂದು ನಂಬುವವರು ಹೊಸದಾಗಿ ಬಂದ ಪುಸ್ತಕಗಳನ್ನು ಕ್ರಮಸಂಖ್ಯೆಯೊಂದಿಗೆ ದಾಖಲಿಸುವ ಪರಿಗ್ರಹಣ ವಹಿಯನ್ನಾಗಲಿ, ವಾರ್ಷಿಕ ದಾಸ್ತಾನು ತಪಾಸಣೆಯನ್ನಾಗಲಿ ಕಂಡಿರಲಾರರು. ಹೊಸ ಪುಸ್ತಕಗಳಿಗೆ ಸಂಖ್ಯೆ ಕೊಡುವುದು, ಮುದ್ರೆ ಒತ್ತುವುದು, ಬೆನ್ನಿಗೆ ಚೀಟಿ ಅಂಟಿಸುವುದು, ಠೇವಣಿಯ ರಸೀತಿ ಬರೆಯುವುದು, ಗೆದ್ದಲು ಹತ್ತಿದ ಕಪಾಟನ್ನು ಖಾಲಿ ಮಾಡಿಸಿ ಔಷಧಿ ಹೊಡೆಸುವುದು ಇವುಗಳಲ್ಲೇ ದಿನ ಮುಗಿಯುತ್ತಿತ್ತು. ನಾನು ಓದಿದ್ದೆಲ್ಲ ಮನೆಯಲ್ಲಿ, ರಾತ್ರಿ, ಉಳಿದ ಓದುಗರಂತೆಯೇ ಪುಸ್ತಕವನ್ನು ನನ್ನ ಕಾರ್ಡಿಗೆ ಬರೆದುಕೊಂಡು ಒಯ್ದು.

ಕೆಲಸ ನನಗೆ ಕೊಟ್ಟದ್ದು ಓದುಗರ ಪರಿಚಯವನ್ನು. ಗ್ರಂಥಾಲಯ ವಿಜ್ಞಾನ ಓದಿದವರೆಲ್ಲರಿಗೂ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳು ಬಾಯಿಪಾಠವಾಗಿರುತ್ತವೆ: ಗ್ರಂಥಗಳಿರುವುದು ಬಳಕೆಗಾಗಿ, ಪ್ರತಿ ಓದುಗನಿಗೂ ಅವನ ಗ್ರಂಥ, ಪ್ರತಿ ಗ್ರಂಥಕ್ಕೂ ಅದರ ಓದುಗ, ಓದುಗನ ಸಮಯವನ್ನು ಉಳಿಸಬೇಕು, ಗ್ರಂಥಾಲಯ ಬೆಳೆಯುವ ಜೀವಿ. ಪರೀಕ್ಷೆಗೆಂದು ಕಲಿತ ಈ ಮಾತುಗಳಲ್ಲಿ ಎರಡನೆಯದರ ಅರ್ಥ ನನಗೆ ತಿಳಿದದ್ದು ಎರವಲು ವಹಿಯಿಂದ. ಯಾವ ಪುಸ್ತಕ ಹತ್ತು ವರ್ಷ ಕಪಾಟಿನಿಂದ ಕದಲಲಿಲ್ಲ, ಯಾವುದು ಆರು ತಿಂಗಳಿಗೊಮ್ಮೆ ಹೊಸ ರಟ್ಟು ಬೇಡುತ್ತದೆ, ಯಾವ ಪುಸ್ತಕದ ಮೊದಲ ಮೂವತ್ತು ಪುಟ ಮಾಸಿ ಉಳಿದದ್ದು ಹೊಚ್ಚ ಹೊಸದಾಗಿ ಉಳಿದಿದೆ ಎಂಬುದನ್ನು ಯಾವ ವಿಮರ್ಶೆಯೂ ನನಗೆ ಹೇಳಿಕೊಡಲಿಲ್ಲ. ಮರಳಿ ಬಂದ ಪುಸ್ತಕಗಳ ಅಂಚುಗಳು ಹೇಳಿಕೊಟ್ಟವು. ಮೂವತ್ತನೆಯ ಪುಟದಲ್ಲಿ ಓದುಗರು ನಿಂತುಬಿಟ್ಟ ಕಾದಂಬರಿಗಳನ್ನು ನಾನು ಮನೆಗೊಯ್ದು ಓದುತ್ತಿದ್ದೆ. ಬಹಳಷ್ಟು ಸಲ ಆ ಪುಟದ ಹೊತ್ತಿಗೆ ಲೇಖಕರು ಕಥೆಯನ್ನು ಬಿಟ್ಟು ತಮ್ಮ ಅಭಿಪ್ರಾಯವನ್ನು ಹಿಡಿದುಕೊಂಡಿರುತ್ತಿದ್ದರು.

ಇನ್ನೊಂದು ಸಂಗತಿಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ದಾವಣಗೆರೆಯನ್ನು ಒಂದು ಕಾಲದಲ್ಲಿ ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದರು. ಹತ್ತಿ ಗಿರಣಿಗಳು ಒಂದೊಂದಾಗಿ ಮುಚ್ಚಿದ ಮೇಲೆ ಅಲ್ಲಿ ದುಡಿದಿದ್ದವರಲ್ಲಿ ಕೆಲವರು ಬೆಳಗಿನ ಹೊತ್ತು ವಾಚನಾಲಯಕ್ಕೆ ಬಂದು ಪತ್ರಿಕೆ ಹಿಡಿದು ಕೂರುತ್ತಿದ್ದರು. ನೂಲುವ ವಿಭಾಗದಲ್ಲಿ ಕೆಲಸ ಮಾಡಿದ್ದ ಹಿರಿಯರೊಬ್ಬರು ಒಂದು ದಿನ ನನ್ನ ಮೇಜಿನ ಮುಂದೆ ನಿಂತು, ‘ನಮ್ ಗಿರಣಿ ಬಗ್ಗೆ ಬರೆದಿರೋ ಪುಸ್ತಕ ಯಾವ ಕಪಾಟ್ನಾಗೈತ್ರಿ ಮೇಡಂ?’ ಎಂದು ಕೇಳಿದರು. ಅಂಥ ಪುಸ್ತಕ ನಮ್ಮಲ್ಲಿರಲಿಲ್ಲ. ಮ್ಯಾಂಚೆಸ್ಟರಿನ ಗಿರಣಿಗಳ ಬಗ್ಗೆ ಪರಾಮರ್ಶನ ವಿಭಾಗದಲ್ಲಿ ಅಷ್ಟಿಷ್ಟು ಇತ್ತು, ನಮ್ಮ ಊರಿನ ಗಿರಣಿಯ ಬಗ್ಗೆ ಒಂದು ಹಾಳೆಯೂ ಇರಲಿಲ್ಲ. ‘ಪ್ರತಿ ಓದುಗನಿಗೂ ಅವನ ಗ್ರಂಥ’ ಎಂಬ ಸೂತ್ರ ನನ್ನ ಕಣ್ಣೆದುರಿಗೇ ಸೋತು ನಿಂತಿತ್ತು. ಅವರು ಏನೂ ಅನ್ನದೆ ಪತ್ರಿಕೆಯ ಕಡೆಗೆ ಹೋದರು. ಮರುವಾರದಿಂದ, ಕೆಲಸದ ಅವಧಿ ಮುಗಿದ ಬಳಿಕ ಅವರನ್ನೂ ಅವರ ನಾಲ್ವರು ಜೊತೆಗಾರರನ್ನೂ ಕೂರಿಸಿಕೊಂಡು, ಪಾಳಿ ಬದಲಾಗುವಾಗ ಬೀದಿ ಹೇಗೆ ತುಂಬುತ್ತಿತ್ತು, ಸಂಬಳದ ದಿನ ಮಂಡಿಪೇಟೆಯಲ್ಲಿ ಏನು ಕೊಳ್ಳುತ್ತಿದ್ದರು, ಹತ್ತಿಯ ಧೂಳು ಎದೆಗಿಳಿದವರು ರಾತ್ರಿ ಹೇಗೆ ಕೆಮ್ಮುತ್ತಿದ್ದರು ಎಂಬುದನ್ನೆಲ್ಲ ಬರೆದುಕೊಳ್ಳತೊಡಗಿದೆ. ನನ್ನ ಮೊದಲ ಪುಸ್ತಕ ಹುಟ್ಟಿದ್ದು ಹಾಗೆ.

ಆದ್ದರಿಂದ, ಮಹನೀಯರೇ, ನಿಮಗೆ ಓದಲು ಬಿಡುವಿಲ್ಲ ಎಂಬುದಕ್ಕೆ ಕೊರಗಬೇಡಿ. ವಿದ್ಯಾರ್ಥಿಗಳು ಬಂದು ಕೇಳಿ, ನೀವು ‘ಇಲ್ಲ’ ಎಂದು ಹೇಳಿ ಕಳಿಸಿದ ವಿಷಯಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಒಂದು ವರ್ಷದ ಕೊನೆಗೆ ಆ ಪಟ್ಟಿಯನ್ನು ಓದಿದರೆ ನೀವು ಬರೆಯಬೇಕಾದ ಪುಸ್ತಕ ಅದರಲ್ಲಿ ಇದ್ದರೂ ಇರಬಹುದು.

ಪ್ರಶ್ನೆ: ಸರ್ಕಾರಿ ಕೆಲಸವನ್ನು ಬಿಡುವ ಧೈರ್ಯ ಹೇಗೆ ಬಂತು? ನನಗೆ 38 ವರ್ಷ, ಇಬ್ಬರು ಮಕ್ಕಳಿದ್ದಾರೆ, ಮೂರು ಕಥಾಸಂಕಲನಗಳು ಬಂದಿವೆ. ಬರವಣಿಗೆಯಿಂದಲೇ ಬದುಕಲು ಸಾಧ್ಯವೇ?
– ಓದುಗಿ, ಚಳ್ಳಕೆರೆ

ಉತ್ತರ: ಧೈರ್ಯಕ್ಕಿಂತ ಲೆಕ್ಕ ಮುಖ್ಯವಾಗಿತ್ತು, ತಾಯಿ. ಆ ಲೆಕ್ಕವನ್ನೇ ನಿಮ್ಮ ಮುಂದಿಡುತ್ತೇನೆ.

200 ರೂಪಾಯಿ ಮುಖಬೆಲೆಯ ಪುಸ್ತಕದ 1000 ಪ್ರತಿಗಳು ಅಚ್ಚಾದವು ಎಂದುಕೊಳ್ಳೋಣ. ರೂಢಿಯ ಶೇ. 10ರ ಗೌರವಧನ ಸಿಕ್ಕರೆ, ಅಷ್ಟೂ ಪ್ರತಿ ಖರ್ಚಾದ ಮೇಲೆ ಲೇಖಕರ ಕೈಗೆ ಬರುವುದು 20,000 ರೂಪಾಯಿ. ಸಾವಿರ ಪ್ರತಿ ಒಂದೇ ವರ್ಷದಲ್ಲಿ ಮುಗಿಯುವ ಕಥಾಸಂಕಲನ ಅಪರೂಪ. ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಆಯ್ಕೆಯಾದರೆ ಸಾಮಾನ್ಯವಾಗಿ 300 ಪ್ರತಿಗಳು ಒಮ್ಮೆಗೇ ಹೋಗುತ್ತವೆ, ಆದರೆ ಆಯ್ಕೆ ಆಗಿ ಹಣ ಬರುವವರೆಗೆ ಕಾಯುವ ತಾಳ್ಮೆ ಬೇಕು. ಎರಡು ವರ್ಷಕ್ಕೊಂದು ಪುಸ್ತಕ ಬರೆದು ಗೌರವಧನವನ್ನೇ ನಂಬಿದರೆ ಮನೆಯ ಹಾಲು, ತರಕಾರಿಯ ಖರ್ಚೂ ಹುಟ್ಟುವುದಿಲ್ಲ. ಈ ಸತ್ಯವನ್ನು ನಾನು ನಿವೃತ್ತಿಗೆ ಮುಂಚೆಯೇ ಕಾಗದದ ಮೇಲೆ ಬರೆದು ಗೋಡೆಗೆ ಅಂಟಿಸಿದ್ದೆ.

ಹಾಗಾದರೆ ನಾನು ಹೇಗೆ ಬದುಕುತ್ತಿದ್ದೇನೆ? ನನ್ನ ಆದಾಯದ ದೊಡ್ಡ ಪಾಲು ಇಂದಿಗೂ ಅನುವಾದದಿಂದ, ಬೇರೆಯವರ ಹಸ್ತಪ್ರತಿಗಳನ್ನು ಪರಿಷ್ಕರಿಸುವುದರಿಂದ, ಕರಡಚ್ಚು ತಿದ್ದುವುದರಿಂದ ಮತ್ತು ಪುಸ್ತಕಗಳಿಗೆ ಪದಸೂಚಿ (ಯಾವ ವಿಷಯ ಯಾವ ಪುಟದಲ್ಲಿದೆ ಎಂದು ಕೊನೆಯಲ್ಲಿ ಕೊಡುವ ಪಟ್ಟಿ) ಸಿದ್ಧಪಡಿಸುವುದರಿಂದ ಬರುತ್ತದೆ. ಪದಸೂಚಿ ಮಾಡಬಲ್ಲವರು ಕನ್ನಡದಲ್ಲಿ ತೀರಾ ಕಡಿಮೆ. ವರ್ಗೀಕರಣ ಬಲ್ಲ ಗ್ರಂಥಪಾಲಕರಿಗೆ ಅದು ಕೈಗೆ ಹತ್ತಿರದ ಕೆಲಸ. ನ್ಯಾಷನಲ್ ಬುಕ್ ಟ್ರಸ್ಟ್, ಸಾಹಿತ್ಯ ಅಕಾಡೆಮಿ, ಕುವೆಂಪು ಭಾಷಾ ಭಾರತಿ ಪ್ರಾಧಿಕಾರದಂಥ ಸಂಸ್ಥೆಗಳು ಅನುವಾದ ಮಾಡಿಸುತ್ತವೆ. ಪೂರ್ಣಾವಧಿ ಲೇಖಕಿ ಎಂದರೆ ದಿನವಿಡೀ ತನ್ನ ಕಾದಂಬರಿಯನ್ನೇ ಬರೆಯುವವಳು ಎಂದು ನಾನೂ ಒಮ್ಮೆ ಕನಸು ಕಂಡಿದ್ದೆ. ಈಗ ಬೆಳಿಗ್ಗೆ ಐದರಿಂದ ಒಂಬತ್ತರವರೆಗೆ ನನ್ನದು, ಆಮೇಲಿನ ಹೊತ್ತು ಬೇರೆಯವರ ಬರಹದ್ದು. ಅದರಲ್ಲಿ ನನಗೆ ಅಸಮಾಧಾನವಿಲ್ಲ. ಒಂಬತ್ತರ ನಂತರವೂ ನಾನು ಕನ್ನಡ ವಾಕ್ಯಗಳ ಜೊತೆಗೇ ಇರುತ್ತೇನೆ.

ಬಿಡುವ ಮೊದಲಿನ ಆರು ವರ್ಷ ನಾನು ಕಚೇರಿಗೂ ಹೋಗಿ, ಬೆಳಗಿನ ಎರಡು ಗಂಟೆ ಬರೆದೂ ನೋಡಿದೆ. ಆ ಆರು ವರ್ಷಗಳಲ್ಲಿ ಎರಡು ಪುಸ್ತಕ, ಮೂರು ಅನುವಾದ ಮುಗಿದವು. ಪ್ರತಿಯೊಂದಕ್ಕೂ ಇಲಾಖೆಗೆ ಬರಹದಲ್ಲಿ ತಿಳಿಸಿ ಅನುಮತಿ ಪಡೆದಿದ್ದೆ. ಸೇವೆಯಲ್ಲಿರುವವರು ನಡತೆ ನಿಯಮಗಳನ್ನು ಓದಿಕೊಳ್ಳದೆ, ಯಾರೋ ಬಾಯಿಮಾತಿನಲ್ಲಿ ‘ಪರವಾಗಿಲ್ಲ’ ಎಂದದ್ದನ್ನು ನಂಬಿ ಪುಸ್ತಕ ತರಬಾರದು. ಹದಿನೆಂಟು ತಿಂಗಳ ಮನೆಖರ್ಚನ್ನು ಬ್ಯಾಂಕಿನಲ್ಲಿ ಬೇರೆಯಾಗಿ ಇಟ್ಟೆ, ಆರೋಗ್ಯ ವಿಮೆ ಮಾಡಿಸಿದೆ, ಮಗಳ ಕಾಲೇಜಿನ ಶುಲ್ಕದ ದಾರಿ ನೋಡಿಕೊಂಡೆ. ಆಮೇಲಷ್ಟೇ ಅರ್ಜಿ ಕೊಟ್ಟೆ.

ಇಲ್ಲಿ ನಿಮ್ಮಿಂದ ಒಂದು ವಿಷಯವನ್ನು ಮುಚ್ಚಿಟ್ಟರೆ ತಪ್ಪಾಗುತ್ತದೆ. ನಾನು 1996ರಲ್ಲಿ ಸೇವೆಗೆ ಸೇರಿದವಳಾದ್ದರಿಂದ ನನಗೆ ಹಳೆಯ ಪಿಂಚಣಿ ಇದೆ. ತಿಂಗಳಿಗೊಮ್ಮೆ ಖಚಿತವಾಗಿ ಬರುವ ಆ ಮೊತ್ತವೇ ನನ್ನ ಬರವಣಿಗೆಯ ನೆಲಗಟ್ಟು. ರಾಜ್ಯ ಸರ್ಕಾರದ ಸೇವೆಗೆ 2006ರ ಏಪ್ರಿಲ್ 1ರಿಂದ ಈಚೆಗೆ ಸೇರಿದವರು ಎನ್‌ಪಿಎಸ್ (ಖಚಿತ ಮೊತ್ತದ ಭರವಸೆಯಿಲ್ಲದ ಹೊಸ ಪಿಂಚಣಿ ಯೋಜನೆ) ವ್ಯಾಪ್ತಿಯವರು. ನಿಮ್ಮ ವಯಸ್ಸು ನೋಡಿದರೆ ನೀವು ಆ ಸಾಲಿಗೆ ಸೇರುತ್ತೀರಿ. ಆದಕಾರಣ ನನ್ನ ಲೆಕ್ಕ ನಿಮಗೆ ಹಾಗೆಯೇ ಹೊಂದುವುದಿಲ್ಲ. ಮಕ್ಕಳು ಓದು ಮುಗಿಸುವವರೆಗೆ ಕೆಲಸದಲ್ಲಿದ್ದುಕೊಂಡೇ ಬೆಳಗಿನ ಎರಡು ಗಂಟೆಗಳನ್ನು ಉಳಿಸಿಕೊಳ್ಳಿ ಎಂದು ನಾನು ಹೇಳುತ್ತೇನೆ. ಬಿಡಬೇಡಿ ಎಂದು ತಡೆಯುತ್ತಿಲ್ಲ. ಬಿಡುವ ದಿನವನ್ನು ನೀವು ಆರಿಸಬೇಕೇ ಹೊರತು, ಕಚೇರಿಯಲ್ಲಾದ ಒಂದು ಬೇಸರ ಆರಿಸಬಾರದು.

ನಮ್ಮ ಸೀಮೆಯಲ್ಲಿ ಹಾಗೆ ಬದುಕಿದವರಿದ್ದಾರೆ ಎಂಬುದೂ ನಿಜವೇ. 1920ರಲ್ಲಿ ಮಲೇಬೆನ್ನೂರಿನಲ್ಲಿ ಹುಟ್ಟಿದ, ನಿಮ್ಮ ಚಳ್ಳಕೆರೆ ತಾಲ್ಲೂಕಿನ ತಳುಕಿನ ಮನೆತನದ ತ.ರಾ.ಸು. ಅವರು ಪತ್ರಿಕಾ ವೃತ್ತಿ ಮತ್ತು ಕಾದಂಬರಿಗಳನ್ನು ನೆಚ್ಚಿಯೇ ಬಾಳಿದರು. ಅವರ ‘ದುರ್ಗಾಸ್ತಮಾನ’ಕ್ಕೆ 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಅವರು ತೀರಿಕೊಂಡು ಒಂದು ವರ್ಷವಾಗಿತ್ತು. ಚಿತ್ರದುರ್ಗದ ಕೋಟೆಯನ್ನು ಕಾಣುವಾಗಲೆಲ್ಲ ನನಗೆ ಆ ಸಂಗತಿ ನೆನಪಾಗಿ ಮನಸ್ಸು ಭಾರವಾಗುತ್ತದೆ.

ಪ್ರಶ್ನೆ: ಪ್ರಕಾಶಕರೊಬ್ಬರು ನನ್ನ ಕಾದಂಬರಿಗೆ ಒಂದೇ ಕಂತಿನಲ್ಲಿ 15,000 ರೂಪಾಯಿ ಕೊಟ್ಟು ‘ಎಲ್ಲ ಹಕ್ಕುಗಳನ್ನೂ’ ಬರೆಸಿಕೊಳ್ಳುವುದಾಗಿ ಹೇಳುತ್ತಿದ್ದಾರೆ. ಸಹಿ ಮಾಡಬಹುದೇ?
– ಓದುಗರು, ಹರಿಹರ

ಉತ್ತರ: ಈ ವಾರ ಸಹಿ ಮಾಡಬೇಡಿ. ಮೊದಲು 1957ರ ಕೃತಿಸ್ವಾಮ್ಯ ಕಾಯ್ದೆಯ 19ನೆಯ ಕಲಮನ್ನು ಓದಿಕೊಳ್ಳಿ. ಹಕ್ಕಿನ ವರ್ಗಾವಣೆ ಬರಹದಲ್ಲಿರಬೇಕು, ಅದಕ್ಕೆ ನಿಮ್ಮ ಸಹಿ ಇರಬೇಕು; ಯಾವ ಕೃತಿ, ಯಾವ ಯಾವ ಹಕ್ಕು, ಎಷ್ಟು ಕಾಲ, ಯಾವ ಪ್ರದೇಶಕ್ಕೆ ಎಂಬುದನ್ನು ಒಪ್ಪಂದ ಹೇಳಬೇಕು. ಅವಧಿಯನ್ನು ನಮೂದಿಸದಿದ್ದರೆ ಅದು 5 ವರ್ಷವೆಂದೂ, ಪ್ರದೇಶವನ್ನು ನಮೂದಿಸದಿದ್ದರೆ ಭಾರತಕ್ಕೆ ಮಾತ್ರವೆಂದೂ ಕಾಯ್ದೆ ಭಾವಿಸುತ್ತದೆ. ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಈ ಸ್ವಾಮ್ಯ ಉಳಿಯುತ್ತದೆ. ಮೇಲೆ ಹೇಳಿದ ತ.ರಾ.ಸು. 1984ರಲ್ಲಿ ನಿಧನರಾದ್ದರಿಂದ ಅವರ ಕೃತಿಗಳ ಸ್ವಾಮ್ಯ 2044ರ ಕೊನೆಯವರೆಗೂ ಇರುತ್ತದೆ ಎಂದರೆ, ನೀವು 15,000 ರೂಪಾಯಿಗೆ ಮಾರಲಿರುವುದು ನಿಮ್ಮ ಮೊಮ್ಮಕ್ಕಳ ಕಾಲದವರೆಗಿನ ಆಸ್ತಿ ಎಂಬುದು ಮನವರಿಕೆಯಾಗುತ್ತದೆ.

ಮುದ್ರಣ, ಅನುವಾದ, ಇ-ಪುಸ್ತಕ, ಧ್ವನಿಪುಸ್ತಕ, ನಾಟಕ, ಸಿನಿಮಾ ಇವೆಲ್ಲ ಬೇರೆ ಬೇರೆ ಹಕ್ಕುಗಳು. 1972ರಲ್ಲಿ ತೆರೆಕಂಡು ದುರ್ಗದ ಕೋಟೆಯನ್ನು ನಾಡಿಗೆಲ್ಲ ತೋರಿಸಿದ ‘ನಾಗರಹಾವು’ ಚಿತ್ರ ಒಬ್ಬರೇ ಲೇಖಕರ ಮೂರು ಕಾದಂಬರಿಗಳನ್ನು ಆಧರಿಸಿತ್ತು ಎಂಬುದನ್ನು ಗಮನಿಸಿ. ಒಂದು ಕೃತಿಗೆ ಮುಂದೆ ಯಾವ ರೂಪ ಬರುತ್ತದೆ ಎಂದು ಬರೆದ ದಿನ ಯಾರಿಗೂ ತಿಳಿದಿರುವುದಿಲ್ಲ. ಮುದ್ರಣದ ಹಕ್ಕನ್ನು ಮಾತ್ರ, ಒಂದು ಆವೃತ್ತಿಗೆ ಅಥವಾ 5 ವರ್ಷಕ್ಕೆ, ಪ್ರತಿ ಮಾರಾಟದ ಮೇಲಿನ ಗೌರವಧನಕ್ಕೆ ಕೊಡುವುದಾಗಿ ಹೇಳಿ ನೋಡಿ. ನನ್ನ ಮೊದಲ ಅನುವಾದವನ್ನು ನಾನು ಒಪ್ಪಂದ ಪತ್ರವಿಲ್ಲದೆ ಪ್ರಕಾಶಕರಿಗೆ ಒಪ್ಪಿಸಿದ್ದೆ. ಎರಡನೆಯ ಮುದ್ರಣ ಬಂದದ್ದು ನನಗೆ ಗೊತ್ತಾದದ್ದು, ಹೊಸ ಪುಸ್ತಕಗಳ ಕಟ್ಟನ್ನು ಬಿಚ್ಚಿ ಪರಿಗ್ರಹಣ ಸಂಖ್ಯೆ ಹಾಕಲು ಕೂತಾಗ. ಆ ದಿನದ ನೋವು ಇನ್ನೊಬ್ಬರಿಗೆ ಬರಬಾರದೆಂದು ಇಷ್ಟು ಖಂಡಿತವಾಗಿ ಹೇಳುತ್ತಿದ್ದೇನೆ.

ಪ್ರಶ್ನೆ: ಸ್ವಂತ ಖರ್ಚಿನಲ್ಲಿ ಪುಸ್ತಕ ಮಾಡುವವರಿಗೆ ಐಎಸ್‌ಬಿಎನ್ (ಪುಸ್ತಕವನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆ) ಬೇಕೇ? ಅದಕ್ಕೆ ಹಣ ಕೇಳುತ್ತಿದ್ದಾರೆ.
– ಓದುಗರು, ಜಗಳೂರು

ಉತ್ತರ: ಪಡೆದುಕೊಳ್ಳುವುದು ಒಳ್ಳೆಯದು, ಗ್ರಂಥಾಲಯಗಳಿಗೂ ಅಂಗಡಿಗಳಿಗೂ ಗುರುತಿಸಲು ಅನುಕೂಲ. ಭಾರತದಲ್ಲಿ ಅದನ್ನು ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ ಉಚಿತವಾಗಿ ಕೊಡುತ್ತದೆ. ಲೇಖಕರೇ ಅರ್ಜಿ ಹಾಕಬಹುದು. ಸಂಖ್ಯೆಯ ಬೆಲೆ ಎಂದು ಹಣ ಕೇಳಿದರೆ ಕೊಡಬೇಡಿ.

ಪ್ರಶ್ನೆ: ನಾನು ಹೊಳಲ್ಕೆರೆ ತಾಲ್ಲೂಕಿನ ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಮೇಲ್ವಿಚಾರಕಿ. ಕವಿತೆ ಬರೆಯುತ್ತೇನೆ. ನಮ್ಮಂಥ ಹಳ್ಳಿಯಲ್ಲಿದ್ದುಕೊಂಡು ಲೇಖಕಿಯಾಗಲು ಎಲ್ಲಿಂದ ಆರಂಭಿಸಬೇಕು? ಬೆಂಗಳೂರಿಗೆ ಹೋಗಬೇಕೇ?
– ಮೇಲ್ವಿಚಾರಕಿ, ಹೊಳಲ್ಕೆರೆ ತಾಲ್ಲೂಕು

ಉತ್ತರ: ತಂಗೀ, ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಯ ಕೈಗೆ ಬಂದು ‘ಅರಿವು ಕೇಂದ್ರ’ಗಳಾದ ಮೇಲೆ ನಿಮ್ಮಂಥವರ ಕೆಲಸ ಎಷ್ಟು ಹೆಚ್ಚಿತೆಂದು ನಾನು ಬಲ್ಲೆ. ಬೆಂಗಳೂರಿಗೆ ಹೋಗುವ ಅಗತ್ಯ ನನಗೆ ಕಾಣುವುದಿಲ್ಲ. ಅಲ್ಲಿ ಮನೆಬಾಡಿಗೆಗೆ ದುಡಿಯುವ ಸಮಯದಲ್ಲಿ ಇಲ್ಲಿ ಒಂದು ಪುಸ್ತಕ ಬರೆಯಬಹುದು.

ಆರಂಭವನ್ನು ನಿಮ್ಮ ಊರಿನಿಂದ ಮಾಡಿ. ಬಿ. ಎಲ್. ರೈಸ್ ಅವರು ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಗ್ರಹದ 11ನೆಯ ಸಂಪುಟ ಚಿತ್ರದುರ್ಗ ಜಿಲ್ಲೆಯದು. ಶಾಸನಗಳನ್ನು ತಾಲ್ಲೂಕುವಾರು ಅಲ್ಲಿ ಜೋಡಿಸಿದ್ದಾರೆ. ನಿಮ್ಮ ತಾಲ್ಲೂಕಿನ ಭಾಗವನ್ನು ತೆರೆದು, ನಿಮಗೆ ಪರಿಚಿತವಾದ ಕೆರೆ, ಹೊಲ, ಗುಡಿಗಳ ಹೆಸರು ಎಲ್ಲಿವೆ ಎಂದು ಹುಡುಕಿ. ಶಾಸನ ಹೇಳುವ ಕೆರೆಗೆ ಹೋಗಿ, ಈಗ ಅದರಲ್ಲಿ ನೀರಿದೆಯೇ, ತೂಬು ಉಳಿದಿದೆಯೇ ನೋಡಿ, ಅದರ ಬಗ್ಗೆ ಊರಿನ ಅಜ್ಜಿಯರು ಏನನ್ನುತ್ತಾರೆ ಕೇಳಿ. ಕಲ್ಲಿನ ಮಾತು, ಅಜ್ಜಿಯ ಮಾತು, ನಿಮ್ಮ ಕಣ್ಣು ಈ ಮೂರೂ ಸೇರಿದ ಒಂದು ಲೇಖನವನ್ನು ನಿಮ್ಮ ಹೊರತು ಬೇರೆ ಯಾರೂ ಬರೆಯಲಾರರು. ಅದನ್ನು ದಾವಣಗೆರೆ ಅಥವಾ ಚಿತ್ರದುರ್ಗದ ಪತ್ರಿಕೆಗೆ ಕಳಿಸಿ. ಕವಿತೆಯನ್ನು ಬಿಡಬೇಡಿ, ಆದರೆ ಕವಿತೆಗೆ ಬೇಕಾದ ನಿಖರವಾದ ನಾಮಪದಗಳು ಇಂಥ ಗದ್ಯದಿಂದ ಬರುತ್ತವೆ. ‘ಗಿಡ’ ಎಂದು ಬರೆಯುವ ಕಡೆ ‘ಬಂದರಿಕೆ’ ಎಂದೋ ‘ತಂಗಡಿಕೆ’ ಎಂದೋ ಬರೆಯುವ ಕೈ ತಯಾರಾಗುತ್ತದೆ. ಸಂಕಲನದಷ್ಟು ಕವಿತೆಗಳಾದಾಗ, ಕನ್ನಡ ಪುಸ್ತಕ ಪ್ರಾಧಿಕಾರವು ಯುವ ಬರಹಗಾರರ ಚೊಚ್ಚಲ ಕೃತಿಗೆ ಕೊಡುವ ಪ್ರೋತ್ಸಾಹಧನದ ಪ್ರಕಟಣೆಯನ್ನು ಗಮನಿಸುತ್ತಿರಿ.

ನಿಮ್ಮ ಕೇಂದ್ರಕ್ಕೆ ಬರುವ ಮಕ್ಕಳಿಗೆ ನಿಮ್ಮ ಲೇಖನವನ್ನು ಗಟ್ಟಿಯಾಗಿ ಓದಿ ಹೇಳಿ. ಅವರು ಎಲ್ಲಿ ಕಿಟಕಿಯ ಕಡೆ ನೋಡುತ್ತಾರೋ ಅಲ್ಲಿ ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳಿ.

ಪ್ರಶ್ನೆ: ಗ್ರಂಥಾಲಯದಿಂದ ನಿಮ್ಮ ಪುಸ್ತಕವನ್ನು ನೂರು ಜನ ಒಯ್ದು ಓದಿದರೂ ನಿಮಗೆ ಸಿಗುವುದು ಒಂದು ಪ್ರತಿಯ ಗೌರವಧನ ಮಾತ್ರ. ಮೊದಲು ಎರವಲು ಕೊಡುತ್ತಿದ್ದವರು ನೀವು, ಈಗ ಬರೆಯುವವರೂ ನೀವು. ಇದರ ಬಗ್ಗೆ ಏನನ್ನಿಸುತ್ತದೆ?
– ನಿವೃತ್ತ ಉಪನ್ಯಾಸಕರು, ದಾವಣಗೆರೆ

ಉತ್ತರ: ಬಹಳ ದಿನಗಳಿಂದ ಮನಸ್ಸಿನಲ್ಲಿದ್ದುದನ್ನು ಕೇಳಿದ್ದೀರಿ, ಸರ್. ಡೆನ್ಮಾರ್ಕ್ 1946ರಲ್ಲಿಯೇ, ಬ್ರಿಟನ್ 1979ರ ಕಾನೂನಿನ ಮೂಲಕ, ಗ್ರಂಥಾಲಯದಲ್ಲಿ ಓದಲ್ಪಡುವ ಪುಸ್ತಕಗಳಿಗಾಗಿ ಲೇಖಕರಿಗೆ ಸರ್ಕಾರದಿಂದ ಹಣ ಸಲ್ಲುವ ವ್ಯವಸ್ಥೆ ಮಾಡಿಕೊಂಡವು. ಬ್ರಿಟನ್ನಿನಲ್ಲಿ ಪ್ರತಿ ಎರವಲಿಗೆ ಕೆಲವೇ ಪೆನ್ನಿಗಳು ದೊರೆಯುತ್ತವೆ. ಹೆಸರಾಂತರೇ ಎಲ್ಲವನ್ನೂ ಒಯ್ಯದಂತೆ ಒಬ್ಬರಿಗೆ ವರ್ಷಕ್ಕೆ 6,600 ಪೌಂಡುಗಳ ಮಿತಿ ಹಾಕಿದ್ದಾರೆ. ಆ ಹಣ ಬರುವುದು ಸರ್ಕಾರದಿಂದ, ಓದುಗರು ಏನನ್ನೂ ತೆರಬೇಕಾಗಿಲ್ಲ. ಭಾರತದಲ್ಲಿ ಅಂಥ ಕಾನೂನು ಇಲ್ಲ.

ನಮ್ಮ ರಾಜ್ಯದಲ್ಲಿ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಂತೆ ನಾವೆಲ್ಲರೂ ಆಸ್ತಿ ತೆರಿಗೆಯ ಜೊತೆಗೆ ಶೇ. 6ರ ಗ್ರಂಥಾಲಯ ಕರವನ್ನು ಕಟ್ಟುತ್ತೇವೆ. ಅದು ಪೂರ್ತಿಯಾಗಿ, ಹೊತ್ತಿಗೆ ಸರಿಯಾಗಿ ಗ್ರಂಥಾಲಯಗಳಿಗೆ ತಲುಪಬೇಕೆಂಬುದು ನನ್ನ ಮೊದಲ ಆಸೆ; ತಲುಪಿದ ಹಣದಲ್ಲಿ ಒಂದು ಸಣ್ಣ ಪಾಲು ಎರವಲಿನ ಲೆಕ್ಕದ ಮೇಲೆ ಲೇಖಕರಿಗೂ ಸಲ್ಲಬೇಕೆಂಬುದು ಎರಡನೆಯದು. ಮೊದಲನೆಯದನ್ನು ಬಿಟ್ಟು ಎರಡನೆಯದನ್ನು ಕೇಳಲು ನನಗೆ ಮನಸ್ಸು ಬರುವುದಿಲ್ಲ. ಪುಸ್ತಕ ಕೊಳ್ಳಲಾಗದ ಹುಡುಗಿಯೊಬ್ಬಳು ಐಎಎಸ್, ಕೆಎಎಸ್ ಪರೀಕ್ಷೆಗೆಂದು ಬೆಳಿಗ್ಗೆ ಬಂದು ರಾತ್ರಿ ದೀಪ ಆರಿಸುವವರೆಗೆ ವಾಚನಾಲಯದಲ್ಲಿ ಕೂರುವುದನ್ನು ಇಪ್ಪತ್ತೆರಡು ವರ್ಷ ಕಂಡವಳು ನಾನು. ಅವಳ ಕುರ್ಚಿ ಮೊದಲು ಗಟ್ಟಿಯಾಗಲಿ.

ನನ್ನ ಸ್ಥಾನಕ್ಕೆ ಬಂದ ಯುವ ಗ್ರಂಥಪಾಲಕಿ ನನ್ನ ಗಿರಣಿಯ ಪುಸ್ತಕ ಬಂದಾಗ ಫೋನ್ ಮಾಡಿ, ‘ಮೇಡಂ, ಇದನ್ನ 331ಕ್ಕೆ ಹಾಕಲೋ, 954.87ಕ್ಕೆ ಹಾಕಲೋ?’ ಎಂದು ಕೇಳಿದರು. ಡ್ಯೂಯಿ ವರ್ಗೀಕರಣದಲ್ಲಿ ಮೊದಲನೆಯದು ದುಡಿಮೆಯ ಅರ್ಥಶಾಸ್ತ್ರಕ್ಕೆ, ಎರಡನೆಯದು ಕರ್ನಾಟಕದ ಇತಿಹಾಸಕ್ಕೆ. ಇತಿಹಾಸದ ಕಪಾಟು ಮೇಲಿನ ಅಂತಸ್ತಿನಲ್ಲಿತ್ತು, ವಯಸ್ಸಾದವರು ಹತ್ತಲಾರರು. 331ಕ್ಕೇ ಹಾಕಿ, ಪತ್ರಿಕೆ ಓದುವ ಮೇಜಿನ ಎದುರಿಗಿನ ಕಪಾಟಿನಲ್ಲಿಡಿ ಎಂದೆ. ಆ ಹಿರಿಯರು ಅಷ್ಟು ಹೊತ್ತಿಗೆ ತೀರಿಕೊಂಡಿದ್ದರು. ಅವರ ಜೊತೆಗಾರರಲ್ಲಿ ಇಬ್ಬರು ಈಗಲೂ ಬೆಳಿಗ್ಗೆ ಅಲ್ಲಿಗೆ ಬರುತ್ತಾರೆ. ಕಳೆದ ತಿಂಗಳು ಹೋಗಿ ಪುಸ್ತಕವನ್ನು ತೆಗೆದು ನೋಡಿದೆ. ಎರವಲಿನ ದಿನಾಂಕ ಹಾಕುವ ಚೀಟಿ ತುಂಬಿ, ಅದರ ಮೇಲೆ ಇನ್ನೊಂದು ಚೀಟಿ ಅಂಟಿಸಿದ್ದರು.